ಬಿಡಿ ಈಗ

ಹಾಸನದ ಬಿ.ಎಂ. ರಸ್ತೆಯಲ್ಲಿ, ಟೈರ್ ಅಂಗಡಿಯ ಮೇಲೆ
ಬೆಳಗ್ಗೆ ಐದೂಮುಕ್ಕಾಲಿಗೆ ಶಟರು ಅರ್ಧ ಮಾತ್ರ ಏಳುತ್ತದೆ.
ಬಗ್ಗಿಯೇ ಒಳಗೆ ಹೋಗಬೇಕು.
ಪಾಠ ಅಲ್ಲಿಂದಲೇ ಶುರು:
'ಬೆನ್ನಲ್ಲ ಆಂಟಿ, ಸೊಂಟ ಮಡಚಿ'
ಎನ್ನುತ್ತಾಳೆ ಮುಬೀನ, ನೆಲ ಗುಡಿಸುತ್ತ, ತಿರುಗಿಯೂ ನೋಡದೆ.

ಕಪ್ಪಗೆ ಕೂತಿದೆ ಗುಂಡು,
ಬಾಯಿಲ್ಲದ ಚೊಂಬಿಗೆ ಹಿಡಿಯೊಂದು ಬೆಸೆದ ಹಾಗೆ.
ಹನ್ನೆರಡು ಕೆಜಿ.
ಇದೇನು ಮಹಾ, ಅಂದಿದ್ದೆ ಮೊದಲ ದಿನ.
ಇಪ್ಪತ್ತೆರಡು ವರ್ಷ ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ
ಸ್ಟ್ರೆಚರಿನಿಂದ ಮಂಚಕ್ಕೆ, ಮಂಚದಿಂದ ಕಕ್ಕಸಿಗೆ
ಎಷ್ಟು ಮೈ ಎತ್ತಿಲ್ಲ ಈ ಕೈ!
'ಕೈಯಲ್ಲೇ ಎತ್ತಿದ್ರಿ. ಅದಕ್ಕೇ ನಡುವಿಗೆ ಬೆಲ್ಟು ಬಂತು.
ಕೈ ಬರೀ ಹಗ್ಗ. ಬಾವಿ ನೀರು ಸೇದೋದು ಹಗ್ಗಾನಾ?'

ಬಸ್ಕಿ ಅಲ್ಲ ಇದು.
ಎರಡು ಕೈಯಲ್ಲೂ ಸೊಪ್ಪಿನ ಕಟ್ಟು ಹಿಡಿದವಳು
ಹಿತ್ತಲ ಬಾಗಿಲನ್ನು ಅಂಡಿನಿಂದ ನೂಕುತ್ತಾಳಲ್ಲ,
ಹಾಗೆ, ಹಿಂದಕ್ಕೆ.
ಹೆಬ್ಬೆರಳು, ಕಿರುಬೆರಳು, ಹಿಮ್ಮಡಿ,
ಒಲೆಯ ಮೂರು ಗುಂಡಿನಂತೆ ನೆಲಕ್ಕೆ ಕಚ್ಚಬೇಕು ಮೂರೂ.
ಗುಂಡು ತೊಡೆಸಂದಿಗೆ ಬರುವಾಗ ಮೂಗಿನಿಂದ ಎಳೆದುಕೊಳ್ಳಬೇಕು,
ಎದೆಗಲ್ಲ, ಹೊಟ್ಟೆಗೆ,
ಲಂಗದ ಲಾಡಿ ಸುತ್ತಲೂ ಬಿಗಿಯಾಗುವಷ್ಟು.
ಆಮೇಲೆ ಒಂದೇ ಏಟಿಗೆ ನೆಟ್ಟಗೆ ನಿಲ್ಲಬೇಕು.
ಗುಂಡು ತಾನಾಗಿ ತೇಲಿ ಎದೆಮಟ್ಟಕ್ಕೆ ಬರುತ್ತದೆ.
'ಬಿಡಿ ಈಗ.'
ತ್ಸ್.
ಪೂರ್ತಿ ಅಲ್ಲ. ಕುಕ್ಕರು ಕೂಗುವ ಮೊದಲು
ಒಂಚೂರು ಉಗುಳುತ್ತಲ್ಲ, ಅಷ್ಟೇ.
ಒಳಗೆ ಆವಿ ಉಳಿದಿರಬೇಕು.

ನಾನೋ, ಉಸಿರು ಕಟ್ಟಿಯೇ ಎತ್ತುವವಳು.
ಕತ್ತಿನ ನರ ಉಬ್ಬಿ, ಕಣ್ಣು ಮೇಲಾಗಿ.
'ಎಲ್ಲಿಗೆ ಹೋಯ್ತು ಉಸಿರು?' ಎಂದು ಕೇಳುತ್ತಾಳೆ, ದಿನಾ.
ಏನು ಹೇಳಲಿ ಈ ಹುಡುಗಿಗೆ?
ಕೆಲಸ ಕಲಿತದ್ದೇ ಮೂಗು ಮುಚ್ಚಿಕೊಂಡು.
ಕೀವು, ಬೆಡ್‌ಪ್ಯಾನು, ಒದ್ದೆ ಹತ್ತಿ;
ಉಸಿರು ಬಿಟ್ಟರೆ ಮತ್ತೆ ಎಳೆದುಕೊಳ್ಳಬೇಕಲ್ಲ.

ಹನ್ನೊಂದನೆಯ ದಿನ ಗುಂಡೇ ನನ್ನನ್ನು ಎಳೆದುಕೊಂಡು ಹೋಯಿತು.
ರಬ್ಬರು ಹಾಸಿನ ಮೇಲೆ ದಢ್.
ಕೆಳಗೆ ಮಲಗಿದ್ದ ಅವರಪ್ಪ ಕೆಮ್ಮಿದರು.

ಹೋದ ಗುರುವಾರ ರಾತ್ರಿ ಪಾಳಿ.
ಹದಿನಾಲ್ಕನೆಯ ಮಂಚದ ದ್ಯಾವೀರಮ್ಮ, ಅರಕಲಗೂಡು ಕಡೆಯವರು,
ಜ್ವರಕ್ಕೆ ಬಿದ್ದು ಎರಡು ದಿನದಿಂದ ಎದ್ದಿಲ್ಲ.
ಜೊತೆಗೆ ಹಿಡಿಯುವ ಹುಡುಗ ಟೀಗೆ ಹೋದವನು ಬರಲಿಲ್ಲ.
ಕಾಲಗಲಿಸಿದೆ. ಬಾಗಿಲು ನೂಕಿದೆ ಹಿಂದಕ್ಕೆ.
ಕಂಕುಳಿಗೆ ಕೈ ಕೊಟ್ಟರೆ
ಮುದುಕಿ ಕೊರಡು. ಹೆದರಿ ಉಸಿರು ಕಟ್ಟಿದ್ದಾರೆ,
ಥೇಟ್ ನನ್ನ ಹಾಗೆ.
'ಅಮ್ಮಾ, ಎಳ್ಕೊಳ್ಳಿ. ಹೊಟ್ಟೆಗೆ. ಹಾಂ.
ಬಿಡಿ ಈಗ.'
ತ್ಸ್, ಅಂದೆವು ಇಬ್ಬರೂ,
ಅವರ ಬೊಚ್ಚುಬಾಯಲ್ಲಿ ಅದು ಬರೀ ಗಾಳಿ.
ಎದ್ದು ನಿಂತರು.
ಒಬ್ಬರ ಹೆಗಲಿಗೊಬ್ಬರು ಆತು ನಿಂತೇ ಇದ್ದೆವು ಸ್ವಲ್ಪ ಹೊತ್ತು,
ನಾನು ಮೂಗಿನ ತುಂಬಾ ಎಳೆದುಕೊಂಡೆ:
ಫಿನಾಯಿಲು, ಅವರ ಹೊಗೆಸೊಪ್ಪು,
ಯಾರದೋ ಮಂಚದಡಿಯ ಕಿತ್ತಳೆ ಸಿಪ್ಪೆ.
ಅಷ್ಟೇನೂ ಕೆಟ್ಟದಾಗಿರಲಿಲ್ಲ.

ಬೆಳಗ್ಗೆ ಪಾಳಿ ಮುಗಿಸಿ ಸೀದಾ ಬಂದು ಹೇಳಿದೆ.
ಮುಬೀನ ಪೊರಕೆ ನಿಲ್ಲಿಸಿದಳು.
'ಸರಿ. ವಾಪಸ್ ಕೂರಿಸುವಾಗ?'
ಸುಮ್ಮನಾದೆ.
ಕೂರಿಸುವಾಗ ಮರೆತೆ. ನಡು ಚಳಕ್ ಅಂದಿತ್ತು.
'ಹಾಂ. ಇವತ್ತು ಎತ್ತೋದು ಬೇಡ ನೀವು.
ಹತ್ತು ಸಲ ಬರೀ ಇಳಿಸಿ.'