ಕೇಳೂ ಅರಮನಿ

ಇಪ್ಪತ್ತೊಂದು ವರ್ಷ ಹಡಗಿನ ತುಕ್ಕು ಕೆತ್ತಿದೆ.
ಮೊದಲ ದಿನ ಗುತ್ತೇದಾರ ಅರಳಿ ಕೊಟ್ಟಿದ್ದ,
ಕಿವ್ಯಾಗ ತುರುಕ್ಕೋ ಅಂತ.
ಎರಡನೇ ದಿನ ಅರಳಿ ಇಲ್ಲ, ಸುತ್ತಿಗಿ ಇತ್ತು.

ಕಬ್ಬಿಣದ ಹೊಟ್ಟಿಯೊಳಗ ಕುಂತು ಕಬ್ಬಿಣ ಬಡದರ
ಸಪ್ಪಳ ಹೊರಗ ಹೋಗೂದಿಲ್ಲ,
ಇರಾಕ ಜಾಗ ಹುಡುಕತೈತಿ.
ನನ್ನ ತೆಲ್ಯಾಗ ಸಿಕ್ತು ಅದಕ್ಕ.

ಕೆಲಸ ಬಿಟ್ಟು ಮೂರು ವರ್ಷಾತು.
ರಾತ್ರಿ ವಾಡೆಂದಾಗ ನಾಯಿ ಸೈತ ಮಲಗಿದ ಮ್ಯಾಲ,
ಜುವಾರಿ ನೀರಾಗ ಅದಿರು ಹೊತ್ತ ಬಾರ್ಜು
ಯಂತ್ರ ಆರಿಸಿ ನಿಂತ ಮ್ಯಾಲ
ಶುರು ಆಗತೈತಿ:
ಕೊಂಯ್ಯ್ ಅಂತ ಒಂದು ತೆಳ್ಳನ ತಂತಿ.
ಯಾರೋ ಎಳೀತಾರ. ಹರಿಯೂದಿಲ್ಲ.

ಚಿಕಾಲಿಂ ದವಾಖಾನಿ ಡಾಕ್ಟರು ಬ್ಯಾಟರಿ ಹಿಡದು ನೋಡಿ
'ಒಳಗಿನ ಸಣ್ಣ ಕೂದ್ಲ ಸತ್ತಾವ,
ಔಷಧ ಇಲ್ಲ, ರೂಢಿ ಮಾಡ್ಕೋರಿ' ಅಂದ್ರು.
ರೂಢಿ ಅಂದ್ರೇನು ನನಗ ಗೊತ್ತೈತಿ.
ಒಂದು ಖೋಲ್ಯಾಗ ಹದಿನಾರು ಮಂದಿ ಮಲಗೂದು ರೂಢಿ ಆತು,
ಬಾಯಿ ತುಂಬ ಬಣ್ಣದ ಧೂಳು ರೂಢಿ ಆತು,
ಕೊಂಕಣಿ ಬೈಗಳ ಅಂತೂ ನನ್ನವೇ ಆದ್ವು.
ಇದೊಂದು ಆಗವಲ್ದು.

ಸಾವಂತ್ರಿ ಬೋಗ್ಮಾಳೊದಾಗ ಮಸಾಜಿನ ಅಂಗಡಿಗೆ ಹೋಗ್ತಾಳ,
ಟಾವೆಲ್ ಒಗ್ಯಾಕ.
ಅಲ್ಲೊಬ್ಬಾಕಿ ರಿನ್‌ಪುಯಿ ಅಂತ.
ಬಂದವರೆಲ್ಲಾ ಆಕೀನ್ನ ಚೀನಾದಾಕಿ ಅಂತಾರ.
ಆಕಿ ಊರು ಐಜಾಲ್. ಚೀನಾ ಕಣ್ಣೀಲೆ ಕಂಡಿಲ್ಲ.
ವಿದ್ಯಾ ಮಾತ್ರ ಅಲ್ಲೀದು:
ಗ್ವಾಡಿ ಮ್ಯಾಲಿನ ಪಟದಾಗ ಬತ್ತಲೆ ಮನಷ್ಯಾ,
ಮೈತುಂಬ ರೈಲಿನ ಹಳಿ, ಗೇಣಿಗೊಂದು ಸ್ಟೇಷನ್.

ಗಿರಾಕಿ ಇಲ್ಲದ ಮಧ್ಯಾಹ್ನ
ಸಾವಂತ್ರಿ ತನ್ನ ಕಿವಿ ಕೊಟ್ಟು ಕಲತ ಬಂದ್ಳು.
ಒಂದು ಡಬ್ಬಿ ಶೇಂಗಾ ಹೋಳಿಗಿ ಅದರ ಫೀ.

'ಬಾಯಿ ತೆಗಿ' ಅಂದ್ಳು. ತೆಗದೆ.
ಬಾಯಿ ತೆಗದರ ಕಿವಿ ಮುಂದ ಒಂದು ತೆಗ್ಗು ಬೀಳತೈತಿ,
ಅಲ್ಲಿ ಬಟ್ಟ ಊರಿದ್ಳು.
'ಇದರ ಹೆಸರು ಕೇಳೂ ಅರಮನಿ ಅಂತ.
ಮ್ಯಾಲಿಂದು ಕಿವಿ ಬಾಗಲ.
ಹಾಲಿ ಹಿಂದ ಐತೆಲ್ಲಾ, ಅದು ಗಾಳಿ ಪರದೆ.'

ನಗು ಬಂತು.
ನಮ್ಮದು ತಗಡಿನ ಮನಿ, ಬಾಗಲಕ್ಕ ಚಿಲಕಿಲ್ಲ,
ಪರದೆ ಅಂದ್ರ ಆಕೀದ ಹಳೇ ಸೀರಿ.
ಇಷ್ಟು ವರ್ಷ ಅರಮನಿ ಹೊತಗೊಂಡು ತಿರಗ್ಯಾಡೀನಿ,
ಬಾಡಿಗಿ ಕಟಗೊಂತ!
'ನಗಬ್ಯಾಡ, ತೆಗ್ಗು ಮುಚ್ಚತೈತಿ.'

ಬಟ್ಟಿಗೆ ಬ್ಲೀಚಿಂಗ್ ಪುಡಿ ವಾಸನಿ.
ಸೀಳಿದ ಚರ್ಮ, ಸಣ್ಣಗ ಒರಟು.
ಟಾವೆಲ್ ಎಣಿಸಿದಂಗ ಎಣಸ್ತಾಳ, ಎಕ್, ದೋನ್, ತೀನ್,
ಅಂಗಡಿ ಲೆಕ್ಕ ಅಂಗೈಯಾಗ ಉಳಕೊಂಡೈತಿ.

ಕಡೀಕ ಎರಡೂ ಅಂಗೈಲೆ ಕಿವಿ ಮುಚ್ಚಿ
ಹಿಂದಲೆ ಮ್ಯಾಲ ಬಟ್ಟು ಚಿಮ್ಮಿದ್ಳು.
ಅದಕ್ಕ ದೇವಲೋಕದ ನಗಾರಿ ಅಂತಾರಂತ.
ದುಬ್. ದುಬ್. ಇಪ್ಪತ್ನಾಕು ಸಲ.
ಹೊರಗಿಂದ ಬಡಿಸಿಕೊಂಡ ತೆಲಿ ಇದು.
ಒಳಗಿಂದ ಹಿಂಗ ಮೆತ್ತಗ
ಯಾರೂ ಬಾಗಲ ಬಡದಿರಲಿಲ್ಲ.

ಕೈ ತೆಗದ್ಳು.

ನಳದಾಗಿನ ಹನಿ ಕೇಳಿಸ್ತು.
ಆಕಿ ಬಳಿ.
ಬಾಜೂ ಖೋಲಿ ಕೂಸಿನ ಬಿಕ್ಕು.
ಆಮ್ಯಾಲ ತಂತಿ ಬಂತು, ಬರದ ಬಿಡತೈತೇನು,
ಆದರ ಬಂದರಿನ ಆಚಿ ದಂಡಿಯಿಂದ ಬಂದಂಗ ಬಂತು.

'ಹೋತೇನು?' ಅಂದ್ಳು.
'ದೂರ ಆತು' ಅಂದೆ.
'ನಂದೂ ಅಷ್ಟ' ಅಂದ್ಳು.

ನಿಂದು?
ಒಂಬತ್ತು ತಾಸು ಒಣಗಿಸೂ ಮಷೀನಿನ ಬಾಜೂಕ ನಿಲ್ತಾಳ.
ಎರಡು ವರ್ಷಾತಂತ.
'ಹೇಳಿದ್ದೆ. ನೀ ಏನು ಅಂದಿ ಗೊತ್ತೇನು? ಜೋರ್ಲೆ ಹೇಳು ಅಂದಿ.
ಅಷ್ಟು ಜೋರ್ಲೆ ಹೇಳೂ ಮಾತಲ್ಲ ಅಂತ ಬಿಟ್ಟೆ.'

ದೀಪದ ಕಡೆ ಹೊಳ್ಳಿಸಿ ಕುಂಡ್ರಿಸಿದೆ ಆಕೀನ್ನ.
ಬಾಯಿ ತೆಗಿ ಅಂದೆ.
ಅರಮನಿ ಸಿಗಾಕ ಹೊತ್ತಾತು, ನನ್ನ ಬಟ್ಟ ದಪ್ಪ.
'ಹಗೂರ' ಅಂದ್ಳು, 'ಹಡಗಲ್ಲ ಇದು.'

ಎಕ್. ದೋನ್.
ಹನ್ನೊಂದಕ್ಕ ಲೆಕ್ಕ ತಪ್ಪಿತು.
ಮತ್ತ ಒಂದರಿಂದ ಹಿಡದೆ.