ಕಿರುಬೆರಳು

ಹೆಬ್ಬೆಟ್ಟು ಇಡಿ ಎಂದಳು ಹುಡುಗಿ.
ಇಟ್ಟೆ. ಕೆಂಪು ದೀಪ.
ಒರೆಸಿ ಇಡಿ ಎಂದಳು. ಸೆರಗಿಗೆ ಒರೆಸಿ ಇಟ್ಟೆ.
ಮತ್ತೆ ಕೆಂಪು.
ತೋರುಬೆರಳೂ ಕೆಂಪು, ನಡುಬೆರಳೂ ಕೆಂಪು.
ಹಿಂದೆ ಸಾಲಿನಲ್ಲಿ ಬಂದರಿನ ಐಸ್ ಪ್ಲಾಂಟಿನ ಮೋನಪ್ಪಣ್ಣ
ಕೆಮ್ಮಿದರು. ಅವರಿಗೂ ಹೆದರಿಕೆ ಹತ್ತಿರಬೇಕು.

ನನ್ನ ಬೆರಳಲ್ಲಿ ಗೆರೆ ಇಲ್ಲ ಮಗಾ,
ಇಪ್ಪತ್ತಾರು ವರ್ಷ ಗೇರುಬೀಜ ಒಡೆದ ಕೈ ಇದು.
ಸಿಪ್ಪೆಯ ಎಣ್ಣೆ ಮೊದಲು ಚರ್ಮ ಸುಡುತ್ತದೆ,
ಮತ್ತೆ ನಿಧಾನಕ್ಕೆ ಗುರುತು ತಿನ್ನುತ್ತದೆ.
ಬೂದಿ ಹಚ್ಚಿಕೊಂಡರೂ ಅಷ್ಟೆ, ಹಚ್ಚದಿದ್ದರೂ ಅಷ್ಟೆ.
ರೇಷನ್ ಅಂಗಡಿಯಲ್ಲೂ ಇದೇ ಕತೆ.
ಹೇಳಲಿಲ್ಲ. ಪರೀಕ್ಷೆಗೆ ಹೋದವಳು ಜಾಸ್ತಿ ಮಾತಾಡಬೇಡ ಅಂತ
ಮಗಳು ಹೇಳಿ ಕಳಿಸಿದ್ದಾಳೆ.

ಅಮ್ಮನದು ಹೆಬ್ಬೆಟ್ಟು.
ನೇರಳೆ ಹಣ್ಣು ಜಜ್ಜಿದ ಹಾಗೆ ಒಂದು ಮುದ್ರೆ
ಸೊಸೈಟಿಯ ಸಾಲದ ಕಾಗದಕ್ಕೆ,
ಏಳನೇ ಕ್ಲಾಸಿನಲ್ಲಿ ನನ್ನನ್ನು ಶಾಲೆ ಬಿಡಿಸಿದ ಕಾಗದಕ್ಕೂ.
ನೀನಾದರೂ ಸೈನು ಹಾಕುವವಳಾಗು
ಎಂದದ್ದೂ ಅದೇ ಸಂಜೆ, ಬೆರಳ ಮಸಿ ಗೋಡೆಗೆ ಒರೆಸುತ್ತಾ.
ಎಂತ ತಮಾಷೆ ನೋಡಿ,
ಲೋಲಾಕ್ಷಿ ಅಂತ ಉದ್ದಕ್ಕೆ ಬರೆದು
ಕೊನೆಗೊಂದು ಬಾಲ ಎಳೆಯುವುದನ್ನೂ ಕಲಿತು ಬಂದರೆ
ಇಲ್ಲಿ ಅದು ಬೇಡವಂತೆ. ಹೆಬ್ಬೆಟ್ಟೇ ಬೇಕಂತೆ.

ಕಡೆಗೆ ಫ್ಲೇವಿಯಾ ಬಾಯಿ ಬಂದರು, ಕನ್ನಡಕ ತಲೆಯ ಮೇಲೆ.
ನನ್ನ ಕೈಯನ್ನು ಮೀನು ಮಗುಚಿ ನೋಡುವ ಹಾಗೆ ನೋಡಿ
ಇದನ್ನು ಇಡಿ ಎಂದರು, ಎಡಗೈಯ ಕಿರುಬೆರಳು.
ಹಸಿರು.
ಯಾವ ಕೆಲಸಕ್ಕೂ ಕರೆಯದೆ ಬಿಟ್ಟ ಬೆರಳು.
ನಾನು ಯಾರೆಂದು ಅದಕ್ಕೆ ಮಾತ್ರ ಗೊತ್ತುಂಟು.

ಬಿಜೈಯ ಮೂರನೇ ಮಾಳಿಗೆ. ಏಸಿಯ ಚಳಿ.
ಹದಿನೆಂಟು ಕಂಪ್ಯೂಟರು, ಹದಿನೇಳು ಜನ.
ಖಾಲಿ ಕುರ್ಚಿ ಝುಬೈದಾಳದ್ದು.
ಬೀಜ ಅಂದರೆ ನಮಗೆ ಗೊತ್ತಿಲ್ಲವಾ ಅಂತ ನಗುತ್ತಾ
ನನಗೆ ಬೀಜಗಣಿತ ಹೇಳಿಕೊಟ್ಟವಳು ಅವಳೇ.
ನಿನ್ನೆ ರಾತ್ರಿ ಸೊಸೆಗೆ ನೋವು ಶುರುವಾಯಿತಂತೆ.

ಮೋನಪ್ಪಣ್ಣನಿಗೆ ಹತ್ತನೇ ಪಾಸಾದರೆ ಫೋರ್‌ಮನ್ ಕೆಲಸ.
ನಿನಗೆ ಎಂತಕ್ಕೆ ಎಂದು ಕೇಳಿದವರಿಗೆ
ಪ್ಯಾಕಿಂಗ್ ಸೆಕ್ಷನ್ನಿಗೆ ಸೂಪರ್‌ವೈಸರ್ ಬೇಕಂತೆ ಅನ್ನುತ್ತೇನೆ.
ನಿಜ ಅದಲ್ಲ. ನಿಜ ಯಾವುದೆಂದು ನನಗೂ ಸರಿ ಗೊತ್ತಿಲ್ಲ.

ಇಲಿ ಅಂತಾರೆ ಇದಕ್ಕೆ. ಮೊದಲ ದಿನ
ಏಡಿ ಹಿಡಿದ ಹಾಗೆ ಹಿಡಿದಿದ್ದೆ, ಎಲ್ಲಿ ಕಚ್ಚೀತೋ ಅಂತ.
ಈಗ ಅಂಗೈ ಕೆಳಗೆ ಸುಮ್ಮನೆ ಕೂತಿದೆ.
ಪರದೆಯ ಮೂಲೆಯಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತದೆ.
ಫ್ಯಾಕ್ಟರಿಯ ಸೈರನ್ನು ಕೂಗಿಯಾದರೂ ಹೇಳುತ್ತದೆ,
ಇದು ಸದ್ದಿಲ್ಲದೆ ತಿನ್ನುತ್ತದೆ, ಆ ಎಣ್ಣೆಯ ಹಾಗೆ.

ಉತ್ತರ ಕೊಟ್ಟದ್ದು ಹಸಿರು, ಬಿಟ್ಟದ್ದು ಕೆಂಪು,
ಮತ್ತೆ ನೋಡುವಾ ಎಂದು ತೆಗೆದಿಟ್ಟದ್ದು ನೇರಳೆ,
ಅಮ್ಮನ ಮುದ್ರೆಯ ಬಣ್ಣ.

ಇಪ್ಪತ್ತಮೂರನೇ ಪ್ರಶ್ನೆ: ಒಬ್ಬ ವ್ಯಾಪಾರಿ
ನಾನೂರು ಕಿಲೋ ಗೇರುಬೀಜ ಒಡೆಸಿದಾಗ
ನೂರು ಕಿಲೋ ತಿರುಳು ಸಿಕ್ಕಿತು, ಶೇಕಡಾ ಎಷ್ಟು?
ಇಪ್ಪತ್ತೈದು. ಬಾಯಿಲೆಕ್ಕ.
ಆದರೆ ಒಡೆಸಿದ್ದು ಯಾರಿಂದ ಮಾರಾಯ್ರೆ?
ತುಂಡಾದದ್ದು, ಹುಳು ತಿಂದದ್ದು,
ಹೊಟ್ಟೆಯಲ್ಲಿ ಮಗು ಇದ್ದ ವರ್ಷ ಕದ್ದು ಬಾಯಿಗೆ ಹಾಕಿಕೊಂಡದ್ದು
ಕೊಟ್ಟ ನಾಲ್ಕು ಉತ್ತರಗಳಲ್ಲಿ ಎಲ್ಲಿ ಬಂತು?
ನೇರಳೆ ಮಾಡಿ ಮುಂದೆ ಹೋದೆ.

ಎಲ್ಲ ಮುಗಿದ ಮೇಲೆ ಒಂದು ಚೌಕ ತೆರೆಯಿತು.
ನೀವು ಖಚಿತವಾಗಿ ಸಲ್ಲಿಸುತ್ತೀರಾ? ಹೌದು. ಇಲ್ಲ.
ಓದಿದೆ. ಇನ್ನೊಮ್ಮೆ ಓದಿದೆ.
ಶಾಲೆ ಬಿಡಿಸುವಾಗ ಯಾರೂ ಕೇಳಲಿಲ್ಲ,
ಗಂಡಿನ ಕಡೆಯವರು ಬಂದು ಚಾ ಕುಡಿದು ಹೋದಾಗಲೂ,
ಫ್ಯಾಕ್ಟರಿಯವರು ನನ್ನ ಬೋನಸ್ ಹಿಡಿದ ವರ್ಷ... ಇರಲಿ.
ಈಗ ಕೇಳುತ್ತಿದೆ ಒಂದು ಪೆಟ್ಟಿಗೆ, ಅದೂ ಬಹುವಚನದಲ್ಲಿ.

ಇಲ್ಲ ಎಂಬುದನ್ನು ಒತ್ತಿದೆ.

ಹನ್ನೊಂದು ನಿಮಿಷ ಉಂಟು ಇನ್ನೂ.
ಮೋನಪ್ಪಣ್ಣನ ಕೆಮ್ಮು ನಿಂತಿದೆ.
ಇಪ್ಪತ್ತಮೂರಕ್ಕೆ ವಾಪಸು ಹೋದೆ.