ಮೂಲೆಮಟ್ಟ

ತಿಂಗಳ ಎರಡನೆಯ ಗುರುವಾರ ಸಂಜೆ
ಖಡಕಿಯ ಕಾರ್ಖಾನೆಯಿಂದ ಬಂದು, ಮೈತೊಳೆದು,
ಕಪ್ಪು ಕೋಟು ತೊಟ್ಟು,
ಚಪ್ಪಟೆ ತೊಗಲಪೆಟ್ಟಿಗೆಯನ್ನು
ಲ್ಯಾಂಬ್ರೆಟ್ಟಾದ ಕಾಲಸಂದಿಯಲ್ಲಿ ನಿಲ್ಲಿಸಿಕೊಂಡು
ಅಪ್ಪ ಕ್ಯಾಂಪಿಗೆ ಹೊರಡುತ್ತಿದ್ದ.
ಓಣಿಯ ಹುಡುಗರ ಬಾಯಲ್ಲಿ ಆ ಕಟ್ಟಡ ಭೂತಬಂಗಲೆ.
ಕೇಳಿದವರಿಗೆ ನಾನು, ಆಫೀಸಿನ ಮೀಟಿಂಗು ಎನ್ನುತ್ತಿದ್ದೆ.

ಪೆಟ್ಟಿಗೆಯಲ್ಲಿದ್ದದ್ದು ಕುರಿಮರಿಯ ತೊಗಲಿನ ಬಿಳಿ ಏಪ್ರನ್,
ನೀಲಿ ಅಂಚು.
ಅಮ್ಮ ಟಾಲ್ಕಂ ಪೌಡರ್ ಹಾಕಿ ಒರೆಸುವಳು,
ಒರೆಸುತ್ತಲೇ ಅನ್ನುವಳು:
“ಭಾನುವಾರ ಕುರಿಮರಿಗೆ ಅಡ್ಡಬೀಳುತ್ತೀರಿ,
ಗುರುವಾರ ಅದರ ತೊಗಲು ಸೊಂಟಕ್ಕೆ ಕಟ್ಟುತ್ತೀರಿ.”

ಪುಣೆಯಲ್ಲಿ ನಮ್ಮ ಕನ್ನಡ ಸಭೆಗೆ ಸ್ವಂತ ದೇವಾಲಯವಿಲ್ಲ.
ಮರಾಠಿಯವರು ಮುಗಿಸಿದ ಮೇಲೆ, ಮೂರು ಗಂಟೆಗೆ,
ಅವರ ಬೆಂಚಿನ ಬಿಸಿ ಆರುವ ಮೊದಲು ನಾವು.
ಸಭಾಪಾಲಕ ಹನೋಕ ಹಿರೇಮನಿ
ಚಹಾಕ್ಕೆ ಬಂದವರು ಬಸಿ ಕೆಳಗಿಡದೆ ಕೇಳಿದರು:
“ಕರ್ಕಡ ಅವರೇ, ಅಲ್ಲಿ ಪ್ರಾರ್ಥನೆ ಇದೆಯಂತಲ್ಲ?”
“ಉಂಟು.”
“ಯಾರಿಗೆ?”
“ವಿಶ್ವದ ಮಹಾಶಿಲ್ಪಿಗೆ.”
“ಅವನಿಗೊಂದು ಹೆಸರಿಲ್ಲವೇ?”
ಅಪ್ಪ ಸಕ್ಕರೆ ಕದಡಿದ. ಕದಡುತ್ತಲೇ ಇದ್ದ.
“ಏರಚ್‌ಶಾ ಇರುತ್ತಾನೆ, ಫಿದಾಹುಸೇನ್ ಇರುತ್ತಾನೆ,
ಸರ್ದಾರ್ ಹರ್ಕಿಷನ್... ಅವರವರ ಹೆಸರು
ಅವರವರು ಒಳಗೇ ಹೇಳಿಕೊಳ್ಳುವುದು.”
“ಒಳಗೆ,” ಎಂದರು ಹಿರೇಮನಿ. ಬಸಿ ಕೆಳಗಿಟ್ಟರು.
ಮುಂದಿನ ವಾರ ವಾಚನಕ್ಕೆ ಅಪ್ಪನನ್ನು ಕರೆಯಲಿಲ್ಲ.

ಅಮ್ಮನ ತಕರಾರು ಬೇರೆ, ಅದು ಅಡಿಗೆಮನೆಯದು.
ಆಣೆಯೇ ಬೇಡ ಎಂದವನ ಶಿಷ್ಯ
ಕಣ್ಣು ಕಟ್ಟಿಸಿಕೊಂಡು, ಪ್ಯಾಂಟಿನ ಒಂದು ಕಾಲು ಮಡಚಿ,
ಗ್ರಂಥ ಮುಟ್ಟಿ ಆಣೆಯಿಟ್ಟು ಬಂದದ್ದೇನು?
ಏರಚ್‌ಶಾನಿಗೆ ಹೇಳಬಹುದಾದ, ನನಗೆ ಹೇಳಬಾರದ
ಸತ್ಯ ಯಾವುದು?
ಬೆಳಕು ಬೆಳಕು ಅನ್ನುವವರ ಕಿಟಕಿಗೆ ಪರದೆ ಯಾಕೆ?
“ಗುಟ್ಟೇನುಂಟು ಲಿಡಿಯಾ, ಕೊನೆಗೆ ಊಟ.
ಮಟನ್ ಸರಿಯಾಗಿ ಬೆಂದಿರುವುದಿಲ್ಲ.”

ಎಪ್ಪತ್ತೊಂಬತ್ತರಲ್ಲಿ ಅವಳಿಗೆ ಆಪರೇಷನ್. ರಕ್ತ ನಿಲ್ಲಲಿಲ್ಲ.
ಸಭೆಯವರು ಮೊಣಕಾಲೂರಿದರು, ಅಲ್ಲಗಳೆಯಲಾರೆ.
ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಯ ಮೆಟ್ಟಿಲು ಹತ್ತಿ
ಮೂವರು ಬಂದರು, ಬಂದವರೇ ತೋಳು ಮಡಚಿದರು.
ಒಬ್ಬನ ರಕ್ತದಿಂದಲೇ ಬಿಡುಗಡೆ ಎಂದು
ಎಲ್ಲರಿಗಿಂತ ಎತ್ತರದ ದನಿಯಲ್ಲಿ ಹಾಡುವವಳ ಮೈಯೊಳಗೆ
ಅಂದಿನಿಂದ ಒಬ್ಬ ಪಾರ್ಸಿ, ಒಬ್ಬ ಬೋಹ್ರಾ, ಒಬ್ಬ ಸಿಖ್ಖ.
ಇದನ್ನು ಅವಳೇ ನಗುತ್ತ ಹೇಳುವಳು.
ಮನಸ್ಸು ಮಾತ್ರ ಬದಲಿಸಲಿಲ್ಲ.
“ಉಪಕಾರ ಉಪಕಾರವೇ. ನಾನು ಕೇಳಿದ್ದಕ್ಕೆ ಅದು ಉತ್ತರವಲ್ಲ.”

ಅಪ್ಪ ಹೋದಾಗ,
ಶವಪೆಟ್ಟಿಗೆಯ ಮೇಲೆ ಏಪ್ರನ್ ಬೇಡ ಎಂದವಳು ಅವಳೇ.
ಫಿದಾಹುಸೇನ್ ಆಗಲೇ ಇರಲಿಲ್ಲ.
ಉಳಿದಿಬ್ಬರು ಮುದುಕರು ಗೇಟಿನ ಹೊರಗೆ
ಜಾಲಿಯ ಟೊಂಗೆ ಹಿಡಿದು ಬಿಸಿಲಲ್ಲಿ ನಿಂತಿದ್ದರು.
ಅಮ್ಮ ಎರಡು ಕುರ್ಚಿ ಕಳಿಸಿದಳು.
ಒಳಗೆ ಕರೆಯಲಿಲ್ಲ.

ಕಲ್ಲು ನಿಲ್ಲಿಸಲು ಬಂದವನು
ಸಿಂದಗಿ ಕಡೆಯ ಗೌಂಡಿ ಗೊಲ್ಲಾಳಪ್ಪ.
ಕನ್ನಡ ಕೇಳಿ ಅವನಿಗೆ ಹಿಗ್ಗು.
“ಏನ್ ಬರೀಬೇಕ್ರೀ ಯವ್ವಾ?”
ಅಮ್ಮನ ಚೀಟಿಯಲ್ಲಿ ಮೇಲೆ, ದಪ್ಪಕ್ಷರದಲ್ಲಿ, ಯೇಸುವಿನ ಹೆಸರು;
ಕೆಳಗೆ ಸಣ್ಣದಾಗಿ, ಬೆಂಜಮಿನ್ ಕರ್ಕಡ.
“ಗುರುವಾರ ಬಾಯಿಬಿಟ್ಟು ಹೇಳಲಿಲ್ಲವಲ್ಲ ಇವರು,
ಇಲ್ಲಿ ಏಳೂ ದಿನ ಇರಲಿ.”

ನಿಲ್ಲಿಸುವ ದಿನ ಅವನ ಮೂಲೆಮಟ್ಟ ಸಿಗಲಿಲ್ಲ,
ಮಗ ಬಸ್ಸಿನಲ್ಲಿ ಬಿಟ್ಟಿದ್ದ.
ಅಮ್ಮ ಒಂದು ಗಳಿಗೆ ಸುಮ್ಮನಿದ್ದಳು,
ಆಮೇಲೆ ನನ್ನ ಕಡೆ ನೋಡದೆ ಚೀಲದಿಂದ ತೆಗೆದಳು
ಅಪ್ಪನ ಕೊರಳಪಟ್ಟಿಗೆ ತೂಗುತ್ತಿದ್ದ ಬೆಳ್ಳಿಯದನ್ನು.
ಚೀಲದಲ್ಲಿ ಅದು ಯಾಕಿತ್ತು, ನಾನು ಕೇಳಲಿಲ್ಲ.

ಗೊಲ್ಲಾಳಪ್ಪ ಅಂಗೈಯಲ್ಲಿ ತೂಗಿದ,
ಕಲ್ಲಿನ ಮೂಲೆಗೆ ಹಿಡಿದ, ಒಂದು ಕಣ್ಣು ಮುಚ್ಚಿದ.
“ಇದು ದಾಗೀನರೀ ಯವ್ವಾ. ಕೆಲಸಕ್ಕ ಬರೂದಿಲ್ಲ.”

ಅಮ್ಮ ಇಸಿದುಕೊಂಡಳು. ಸೆರಗಿನಿಂದ ಒರೆಸಿದಳು,
ಏಪ್ರನ್ ಒರೆಸುತ್ತಿದ್ದ ಹಾಗೆಯೇ.
ಅವನು ಹಲ್ಲಲ್ಲಿ ಕಚ್ಚಿ ದಾರ ಹರಿದ,
ತುದಿಗೊಂದು ಹರಳು ಕಟ್ಟಿ ಇಳಿಬಿಟ್ಟ.
ಅದು ತೂಗಿತು, ಆ ಕಡೆ, ಈ ಕಡೆ.
ಹೆಸರಿನ ಮುಂದೆ ಒಮ್ಮೆ, ಹೆಸರಿನಾಚೆ ಒಮ್ಮೆ.
ನಿಲ್ಲಲಿ ಎಂದು ನಾವು ಮೂವರೂ
ಮಾತಾಡದೆ ನೋಡುತ್ತಿದ್ದೆವು.